ಸಂಬಳದ ಕೆಲಸದಿಂದ ಸ್ವಂತ ಉದ್ಯಮಕ್ಕೆ: ರಾಜೀನಾಮೆಗೆ ಮೊದಲು, ರಾಜೀನಾಮೆಯ ನಂತರ

ಸ್ವಂತ ಉದ್ಯಮದ ಯೋಚನೆ ತಲೆಗೆ ಹೊಕ್ಕವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ಕೆಲಸ ಯಾವಾಗ ಬಿಡಲಿ?’ ಎಂದು. ನನ್ನ ದೃಷ್ಟಿಯಲ್ಲಿ ಇದು ಮೊದಲು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಕೆಲಸ ಬಿಡುವುದು ಉದ್ಯಮದ ಆರಂಭವಲ್ಲ, ಅದರ ಸಿದ್ಧತೆಯ ಕೊನೆಯ ಭಾಗ. ಅಲ್ಲಿಯವರೆಗೆ ತಿಂಗಳ ಸಂಬಳವೇ ನಿಮ್ಮ ಉದ್ಯಮದ ಮೊದಲ ಹೂಡಿಕೆದಾರ. ಅದು ಬಡ್ಡಿ ಕೇಳುವುದಿಲ್ಲ, ಪಾಲು ಕೇಳುವುದಿಲ್ಲ. ಅಂಥ ಹೂಡಿಕೆದಾರನನ್ನು ಅವಸರದಲ್ಲಿ ಕಳೆದುಕೊಳ್ಳುವುದೇಕೆ?

ದೊಡ್ಡ ಉದ್ಯಮಿಗಳ ಕಥೆಗಳಲ್ಲಿ ‘ಒಂದೇ ದಿನ ಎಲ್ಲವನ್ನೂ ಬಿಟ್ಟು ಹೊರಟರು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಸ್ವಲ್ಪ ಕೆದಕಿದರೆ ಚಿತ್ರ ಬೇರೆಯೇ ಇರುತ್ತದೆ. ಮುಂದೆ ನೈಕಿ ಎಂದು ಹೆಸರಾದ ಕಂಪನಿಯನ್ನು ಫಿಲ್ ನೈಟ್ 1964ರಲ್ಲಿ ಆರಂಭಿಸಿದರು. ಲೆಕ್ಕಪರಿಶೋಧಕರಾಗಿ, ಆಮೇಲೆ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ ದುಡಿಯುತ್ತಲೇ ಅದನ್ನು ನಡೆಸಿ, ಪೂರ್ಣಾವಧಿಗೆ ಇಳಿದದ್ದು 1969ರಲ್ಲಿ. ಪಿಯರ್ ಒಮಿಡ್ಯಾರ್ 1995ರಲ್ಲಿ ಹರಾಜಿನ ಜಾಲತಾಣ ತೆರೆದಾಗ ಬೇರೊಂದು ಕಂಪನಿಯ ನೌಕರ. ಜಾಲತಾಣದ ಆದಾಯ ಸಂಬಳವನ್ನು ಮೀರಿದ ಮೇಲೆ, 1996ರಲ್ಲಿ ಅವರು ಕೆಲಸ ಬಿಟ್ಟರು. ಅದೇ ಇಂದಿನ ಇ-ಬೇ. ಜೆಫ್ ಬೆಜೋಸ್ 1994ರಲ್ಲಿ ಕೆಲಸ ಬಿಟ್ಟು ಅಮೆಜಾನ್‌ಗೆ ನೇರವಾಗಿ ಧುಮುಕಿದ್ದು ನಿಜ. ಆದರೆ ಮರುವರ್ಷ ಅವರ ತಂದೆತಾಯಿ ಆ ಉದ್ಯಮಕ್ಕೆ ಸುಮಾರು ಎರಡೂವರೆ ಲಕ್ಷ ಡಾಲರ್ ಹಾಕಿದರು.

ಸಂಶೋಧನೆಯೂ ಇದನ್ನೇ ಹೇಳುತ್ತದೆ. ಕೆಲಸದಲ್ಲಿದ್ದುಕೊಂಡೇ ಉದ್ಯಮ ಆರಂಭಿಸಿ ನಂತರ ಪೂರ್ಣಾವಧಿಗೆ ಬಂದವರು ಉದ್ಯಮ ಕೈಬಿಡುವ ಸಂಭವ, ಕೆಲಸ ಬಿಟ್ಟು ನೇರವಾಗಿ ಆರಂಭಿಸಿದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು ಜೋಸೆಫ್ ರಾಫಿ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ವಯಸ್ಸು ಮೀರಿತೆಂದು ಕೊರಗುವವರಿಗೂ ಒಂದು ಅಂಕಿ ಇದೆ. ಅಮೆರಿಕದ ಜನಗಣತಿ ಇಲಾಖೆಯ ದತ್ತಾಂಶ ಆಧರಿಸಿದ ಅಧ್ಯಯನದ ಪ್ರಕಾರ, ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳ ಸ್ಥಾಪಕರ ಸರಾಸರಿ ವಯಸ್ಸು, ಆರಂಭದ ಹೊತ್ತಿಗೆ, 45. ಹೂಡಿಕೆ ಬ್ಯಾಂಕಿನ ಉನ್ನತ ಹುದ್ದೆ ಬಿಟ್ಟು 2012ರಲ್ಲಿ ಸೌಂದರ್ಯವರ್ಧಕಗಳನ್ನು ಮಾರುವ ನೈಕಾ ಕಂಪನಿ ಆರಂಭಿಸಿದಾಗ ಫಾಲ್ಗುಣಿ ನಾಯರ್ ಐವತ್ತರ ಹೊಸ್ತಿಲಲ್ಲಿದ್ದರು.

ಹಾಗಾದರೆ ಸಿದ್ಧತೆ ಎಂದರೇನು? ಒಂದೊಂದಾಗಿ ನೋಡೋಣ.

ಹೆಜ್ಜೆ 1: ನೇಮಕಾತಿ ಪತ್ರವನ್ನು ಮತ್ತೊಮ್ಮೆ ಓದಿ

ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿ ಮರೆತ ಆ ಪತ್ರವನ್ನು ಹೊರಗೆ ತೆಗೆಯಿರಿ. ಪೆನ್ಸಿಲ್ ಹಿಡಿದು ಐದು ವಿಷಯಗಳಿಗೆ ಗೆರೆ ಎಳೆಯಿರಿ: ನೋಟಿಸ್ ಅವಧಿ, ಹೊರಗಿನ ಕೆಲಸಕ್ಕೆ ಅನುಮತಿ, ಬೌದ್ಧಿಕ ಆಸ್ತಿ, ಗೋಪ್ಯತೆ, ಮತ್ತು ಬಿಟ್ಟ ನಂತರ ಸ್ಪರ್ಧೆಗೆ ಇಳಿಯುವುದರ ಮೇಲಿನ ನಿರ್ಬಂಧ.

ಇವುಗಳಲ್ಲಿ ಬೌದ್ಧಿಕ ಆಸ್ತಿಯ ಕಲಮು ಅತ್ಯಂತ ಅಪಾಯಕಾರಿ. ‘ಉದ್ಯೋಗದ ಅವಧಿಯಲ್ಲಿ ನೌಕರ ಸೃಷ್ಟಿಸಿದ ಎಲ್ಲವೂ ಕಂಪನಿಗೆ ಸೇರಿದ್ದು’ ಎಂದು ಅನೇಕ ಪತ್ರಗಳು ಹೇಳುತ್ತವೆ. ಕೆಲವು ‘ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿದ’ ಎಂಬ ಮಿತಿಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಆ ಒಂದು ಮಾತು ಇದೆಯೋ ಇಲ್ಲವೋ ಎಂಬುದರ ಮೇಲೆ ನೀವು ರಾತ್ರಿ ಕುಳಿತು ಮಾಡಿದ ಕೆಲಸ ಯಾರದ್ದು ಎಂಬುದು ನಿಂತಿರುತ್ತದೆ. ಆಪಲ್‌ನ ಮೊದಲ ಕಂಪ್ಯೂಟರನ್ನು ವಿನ್ಯಾಸಗೊಳಿಸಿದಾಗ ಸ್ಟೀವ್ ವಾಜ್ನಿಯಾಕ್ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಎಂಜಿನಿಯರ್. ಅವರು ಆ ವಿನ್ಯಾಸವನ್ನು ಮೊದಲು ತಮ್ಮ ಕಂಪನಿಗೇ ಒಪ್ಪಿಸಲು ಮುಂದಾದರು. ಕಂಪನಿ ಬೇಡವೆಂದ ಮೇಲೆಯೇ ವಿನ್ಯಾಸ ಅವರದ್ದಾಯಿತು. ಆ ತಿರಸ್ಕಾರ ಅವರಿಗೆ ವರವಾಯಿತು.

ಆದ್ದರಿಂದ ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಉದ್ಯಮದ ಒಂದು ಕಡತವೂ ಇರಬಾರದು. ಕಂಪನಿಯ ಇ-ಮೇಲ್, ಕಂಪನಿಯ ಫೋನ್, ಕಚೇರಿಯ ಸಮಯ, ಕಂಪನಿ ಹಣ ಕಟ್ಟಿದ ಸಾಫ್ಟ್‌ವೇರ್, ಯಾವುದನ್ನೂ ಮುಟ್ಟಬೇಡಿ. ಊಟದ ಬಿಡುವಿನಲ್ಲಿ ಕಚೇರಿಯ ಮುದ್ರಣಯಂತ್ರದಲ್ಲಿ ತೆಗೆದ ಒಂದು ದರಪಟ್ಟಿಯೂ ಮುಂದೆ ನಿಮ್ಮ ವಿರುದ್ಧ ಸಾಕ್ಷಿಯಾಗಬಹುದು. ಗ್ರಾಹಕರ ಪಟ್ಟಿಯನ್ನು ನಕಲು ಮಾಡಿಕೊಳ್ಳುವುದಂತೂ ನೇರ ತಪ್ಪು.

ಸ್ಪರ್ಧೆಯ ನಿರ್ಬಂಧದ ಬಲ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕೆಲಸ ಬಿಟ್ಟ ನಂತರದ ಅಂಥ ನಿರ್ಬಂಧ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಅವಧಿ ಮತ್ತು ವ್ಯಾಪ್ತಿ ಸಮಂಜಸವಾಗಿದ್ದರೆ ನ್ಯಾಯಾಲಯ ಅದನ್ನು ಎತ್ತಿಹಿಡಿಯಬಹುದು. ಗೋಪ್ಯತೆಯ ಮಾತು ಹಾಗಲ್ಲ. ಅದು ಎಲ್ಲೆಡೆ ಬಿಗಿ. ಉದ್ಯೋಗ ಕಾನೂನು ತಿಳಿದ ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಪತ್ರ ತೋರಿಸಿ. ಇಡೀ ಸಿದ್ಧತೆಯಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ನೆಮ್ಮದಿ ಇನ್ನೆಲ್ಲೂ ಸಿಗುವುದಿಲ್ಲ.

ಹೆಜ್ಜೆ 2: ಮೆಚ್ಚುವವರನ್ನಲ್ಲ, ದುಡ್ಡು ಕೊಡುವವರನ್ನು ಹುಡುಕಿ

ಸ್ನೇಹಿತರು, ಬಂಧುಗಳು, ಸಹೋದ್ಯೋಗಿಗಳು ನಿಮ್ಮ ಯೋಚನೆಯನ್ನು ಹೊಗಳುತ್ತಾರೆ. ಅವರಿಗೆ ನಿಮ್ಮ ಮೇಲೆ ಪ್ರೀತಿ ಇದೆ. ಆ ಹೊಗಳಿಕೆಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ.

ನಿಮ್ಮ ಸಂಭಾವ್ಯ ಗ್ರಾಹಕರಲ್ಲಿ ಪರಿಚಯವಿಲ್ಲದ ಇಪ್ಪತ್ತು ಮೂವತ್ತು ಜನರೊಂದಿಗೆ ಮಾತನಾಡಿ. ‘ಇಂಥದ್ದೊಂದು ಬಂದರೆ ಕೊಳ್ಳುತ್ತೀರಾ?’ ಎಂದು ಕೇಳಬೇಡಿ; ದಾಕ್ಷಿಣ್ಯಕ್ಕೆ ಎಲ್ಲರೂ ಹೌದೆನ್ನುತ್ತಾರೆ. ನಡೆದುಹೋದ ಸಂಗತಿಯನ್ನು ಕೇಳಿ. ಸಣ್ಣ ಕಾರ್ಖಾನೆಗಳಿಗೆ ಹಾಜರಾತಿ ಮತ್ತು ವೇತನದ ಲೆಕ್ಕ ಸುಲಭ ಮಾಡಿಕೊಡುವುದು ನಿಮ್ಮ ಯೋಚನೆ ಎಂದಿಟ್ಟುಕೊಳ್ಳಿ. ಅಲ್ಲಿಯ ಲೆಕ್ಕಿಗರ ಎದುರು ಕುಳಿತು ಕೇಳಬೇಕಾದದ್ದು ಹೀಗೆ: ‘ಕಳೆದ ತಿಂಗಳ ವೇತನದ ಪಟ್ಟಿಯನ್ನು ಹೇಗೆ ತಯಾರಿಸಿದಿರಿ? ಎಷ್ಟು ದಿನ ಹಿಡಿಯಿತು? ತಪ್ಪಾದದ್ದು ಎಲ್ಲಿ? ಅದನ್ನು ಸರಿಪಡಿಸಲು ಏನು ಖರ್ಚಾಯಿತು?’ ಆತ ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಹೆಚ್ಚುವರಿ ದುಡಿಮೆಯ ಗಂಟೆಗಳನ್ನು ಬೆರಳಿನಲ್ಲಿ ತೋರಿಸುತ್ತಾ ಎಲ್ಲಿ ಕೈ ತಡೆಯುತ್ತಾನೋ ಅಲ್ಲಿ ನಿಮ್ಮ ವ್ಯವಹಾರ ಇದೆ. ‘ಅಂಥ ತೊಂದರೆಯೇನಿಲ್ಲ, ನಡೆಯುತ್ತದೆ’ ಎಂದು ಹತ್ತು ಕಡೆ ಕೇಳಿಬಂದರೆ ಅದೂ ಬೆಲೆಬಾಳುವ ಉತ್ತರವೇ. ಸಂಬಳ ಬರುತ್ತಿರುವಾಗಲೇ ಅದು ಸಿಕ್ಕಿತು.

ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಮರೆಯಬೇಡಿ: ‘ಇಂಥ ಖರ್ಚಿಗೆ ಇಲ್ಲಿ ಯಾರು ಸಹಿ ಹಾಕುತ್ತಾರೆ?’ ತೊಂದರೆ ಅನುಭವಿಸುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು ಎಂಬ ಪರಿಸ್ಥಿತಿ ಬಹಳ ಕಡೆ ಇರುತ್ತದೆ. ಮಾರಬೇಕಾದದ್ದು ಎರಡನೆಯವರಿಗೆ.

ನಂತರ, ಒಪ್ಪಂದ ಅನುಮತಿಸಿದರೆ, ಸಣ್ಣ ಪ್ರಮಾಣದಲ್ಲಿ ಮಾರಿ ನೋಡಿ. ಪೂರ್ತಿ ಸಾಫ್ಟ್‌ವೇರ್ ಬೇಡ. ಒಂದು ಕಾರ್ಖಾನೆಯ ಒಂದು ತಿಂಗಳ ಪಟ್ಟಿಯನ್ನು ನೀವೇ ಕುಳಿತು ಮಾಡಿಕೊಡಿ, ಬಿಲ್ ಕೊಡಿ, ಹಣ ಪಡೆಯಿರಿ. ಉಚಿತವಾಗಿ ಮಾಡಬೇಡಿ. ಅಪರಿಚಿತರೊಬ್ಬರು ಜೇಬಿಗೆ ಕೈ ಹಾಕಿದ ಮೇಲೆ, ಅದರಲ್ಲೂ ಎರಡನೆಯ ತಿಂಗಳು ತಾವಾಗಿಯೇ ಕರೆದ ಮೇಲೆ, ನಿಮ್ಮ ಕೈಯಲ್ಲಿ ಒಂದು ಪುರಾವೆ ಇದೆ. ಒಪ್ಪಂದ ಅನುಮತಿಸದಿದ್ದರೆ ಮಾತುಕತೆಗೆ ನಿಲ್ಲಿಸಿ, ಮಾರಾಟವನ್ನು ನೋಟಿಸ್ ಅವಧಿಯ ನಂತರಕ್ಕೆ ಇಟ್ಟುಕೊಂಡು, ಅಷ್ಟು ಹೆಚ್ಚು ಉಳಿತಾಯ ಮಾಡಿ.

ಹೆಜ್ಜೆ 3: ಎಷ್ಟು ತಿಂಗಳು ಬದುಕಬಲ್ಲಿರಿ?

‘ಆರು ತಿಂಗಳ ಖರ್ಚು ಇಟ್ಟುಕೊಂಡರೆ ಸಾಕು’ ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತದೆ. ಅದು ಸಾಲದು. ಏಕೆ ಸಾಲದು ಎಂಬುದನ್ನು ಲೆಕ್ಕದಲ್ಲೇ ನೋಡೋಣ.

ಮನೆಯ ತಿಂಗಳ ಖರ್ಚು 100 ಎಂದಿಟ್ಟುಕೊಳ್ಳಿ. ಇದು ಬ್ಯಾಂಕ್ ಖಾತೆಯ ಕಳೆದ ಹನ್ನೆರಡು ತಿಂಗಳ ವಿವರ ತೆಗೆದು ಹಾಕಿದ ಸರಾಸರಿ ಆಗಿರಬೇಕು, ಅಂದಾಜು ಅಲ್ಲ. ವಿಮೆಯ ಕಂತು, ಮಕ್ಕಳ ಶುಲ್ಕ, ವಾಹನದ ದುರಸ್ತಿಯಂಥ ವರ್ಷಕ್ಕೊಮ್ಮೆ ಬರುವ ಖರ್ಚುಗಳು ಅದರಲ್ಲಿ ಸೇರಿರಬೇಕು. ಉದ್ಯಮದ ತಿಂಗಳ ಖರ್ಚು 60. ಎರಡೂ ಸೇರಿ ತಿಂಗಳಿಗೆ 160.

ಕೆಲಸ ಬಿಟ್ಟ ಮೇಲೆ ಮೊದಲ ದೊಡ್ಡ ಗ್ರಾಹಕ ಸಿಗಲು ಎರಡು ತಿಂಗಳು. ಕೆಲಸ ಮುಗಿಸಲು ಇನ್ನೆರಡು. ನಾಲ್ಕನೆಯ ತಿಂಗಳ ಕೊನೆಗೆ ಬಿಲ್ ಕಳುಹಿಸುತ್ತೀರಿ. ಗ್ರಾಹಕರದ್ದು ದೊಡ್ಡ ಕಂಪನಿ, ಹಣ ಪಾವತಿಗೆ 60 ದಿನ. ಆರನೆಯ ತಿಂಗಳ ಕೊನೆಗೆ ಮೊದಲ ಹಣ ಖಾತೆಗೆ ಬರುತ್ತದೆ. ಅಷ್ಟರಲ್ಲಿ 960 ಖರ್ಚಾಗಿದೆ. ಬಿಲ್ಲಿನಲ್ಲಿ ಒಂದು ಸಂಖ್ಯೆ ತಪ್ಪಿದೆ ಎಂದು ಲೆಕ್ಕಪತ್ರ ವಿಭಾಗ ಅದನ್ನು ಹಿಂದಿರುಗಿಸಿದರೆ ಮತ್ತೊಂದು ತಿಂಗಳು, 1120. ಇಲ್ಲಿ ಏನೂ ಕೆಟ್ಟದ್ದು ನಡೆದಿಲ್ಲ ಎಂಬುದನ್ನು ಗಮನಿಸಿ. ಗ್ರಾಹಕ ಸಿಕ್ಕಿದ್ದಾನೆ, ಕೆಲಸ ಚೆನ್ನಾಗಿ ಆಗಿದೆ, ಹಣವೂ ಬರುವುದಿದೆ. ಆದರೂ ಆರು ತಿಂಗಳ ಉಳಿತಾಯ ಇಟ್ಟುಕೊಂಡವರ ಕೈ ಬರಿದಾಗಿದೆ.

ನನ್ನ ಸಲಹೆ: ಮನೆ ಮತ್ತು ಉದ್ಯಮ ಎರಡರದ್ದೂ ಸೇರಿ ಕನಿಷ್ಠ ಹನ್ನೆರಡು ತಿಂಗಳ ಖರ್ಚು, ಅವಲಂಬಿತರು ಹೆಚ್ಚಿದ್ದರೆ ಹದಿನೆಂಟು ತಿಂಗಳದ್ದು. ನಿವೃತ್ತಿಯ ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ವಾಸದ ಮನೆಯನ್ನು ಅಡವಿಡುವ ಯೋಚನೆಯನ್ನೂ ಈ ಹಂತದಲ್ಲಿ ದೂರವಿಡಿ. ಆಸ್ಪತ್ರೆಯ ಖರ್ಚಿಗೆಂದು ಒಂದು ಮೊತ್ತವನ್ನು ಬೇರೆ ಖಾತೆಯಲ್ಲಿ ಇಟ್ಟು ಅದು ಇದೆ ಎಂಬುದನ್ನೇ ಮರೆತುಬಿಡಿ.

ಇಷ್ಟು ಉಳಿಸಲು ಒಂದೆರಡು ವರ್ಷ ಬೇಕಾಗಬಹುದು. ಆ ಅವಧಿಯಲ್ಲಿ ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ಈಗಿನಿಂದಲೇ ಆ 100ರಲ್ಲಿ ಬದುಕಿ ನೋಡುವುದು. ಸಂಬಳ ಬಂದ ದಿನವೇ ಉಳಿದದ್ದನ್ನು ಬೇರೆ ಖಾತೆಗೆ ಕಳುಹಿಸಿ. ಮೂರು ತಿಂಗಳು ಹೀಗೆ ನಡೆಸಿದರೆ 100 ಎಂಬ ಅಂಕಿ ನಿಜವೋ ಸುಳ್ಳೋ ತಿಳಿಯುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು 120 ಆಗಿರುತ್ತದೆ.

ಹೆಜ್ಜೆ 4: ಮನೆಯವರೊಂದಿಗೆ ಅಂಕಿ ಇಟ್ಟು ಮಾತನಾಡಿ

‘ನನ್ನ ಕನಸು’ ಎಂದು ಆರಂಭಿಸಿದರೆ ಸಂಗಾತಿ ನಿಮ್ಮ ಕನಸಿಗೆ ಅಡ್ಡ ನಿಂತವರಂತೆ ಮಾತನಾಡಬೇಕಾಗುತ್ತದೆ. ಅದು ಅವರಿಗೆ ಮಾಡುವ ಅನ್ಯಾಯ. ಹಿಂದಿನ ಹೆಜ್ಜೆಯ ಲೆಕ್ಕದ ಹಾಳೆಯನ್ನು ನಡುವೆ ಇಟ್ಟುಕೊಂಡು ಕುಳಿತುಕೊಳ್ಳಿ. ಎಷ್ಟು ಹಣ, ಎಷ್ಟು ತಿಂಗಳು, ಯಾವ ಖರ್ಚು ನಿಲ್ಲುತ್ತದೆ, ಯಾವುದು ಏನಾದರೂ ನಿಲ್ಲುವುದಿಲ್ಲ. ಮುಖ್ಯವಾಗಿ, ಉಳಿತಾಯ ಯಾವ ಮಟ್ಟಕ್ಕೆ ಇಳಿದರೆ ನೀವು ಮತ್ತೆ ಕೆಲಸ ಹುಡುಕುತ್ತೀರಿ? ಆ ಅಂಕಿಯನ್ನು ಇಬ್ಬರೂ ಒಪ್ಪಿ ಬರೆದಿಡಿ. ಮನಸ್ಸು ತಿಳಿಯಾಗಿರುವಾಗ ಬರೆದ ಅಂಕಿ ಮುಂದೆ ಕಷ್ಟದ ತಿಂಗಳಲ್ಲಿ ಇಬ್ಬರನ್ನೂ ಜಗಳದಿಂದ ಕಾಪಾಡುತ್ತದೆ.

ಹೆಜ್ಜೆ 5: ಬೆಲೆ ನಿಗದಿ

ಸಂಬಳದಿಂದ ಬಂದವರು ಇಲ್ಲಿ ಎಡವುವಷ್ಟು ಇನ್ನೆಲ್ಲೂ ಎಡವುವುದಿಲ್ಲ. ತಿಂಗಳಿಗೆ 130 ಸಂಬಳವಿದ್ದವರು ಅದನ್ನು 22 ದಿನಕ್ಕೆ ಹಂಚಿ, ‘ನನ್ನ ದಿನದ ದರ 6’ ಎಂದುಕೊಳ್ಳುತ್ತಾರೆ.

ವರ್ಷದಲ್ಲಿ ವಾರಾಂತ್ಯ, ರಜೆ, ಕಾಯಿಲೆ ಕಳೆದರೆ ಸುಮಾರು 240 ದಿನ ಉಳಿಯುತ್ತವೆ. ಅದರಲ್ಲಿ ಅರ್ಧದಷ್ಟು ಗ್ರಾಹಕರನ್ನು ಹುಡುಕಲು, ದರಪಟ್ಟಿ ಬರೆಯಲು, ಲೆಕ್ಕ ಇಡಲು, ಬಾಕಿ ವಸೂಲಿಗೆ ಹೋಗುತ್ತದೆ. ಬಿಲ್ ಹಾಕಬಹುದಾದ ದಿನಗಳು 120. ಹೆಜ್ಜೆ 3ರ ಲೆಕ್ಕದಂತೆ ತಿಂಗಳಿಗೆ 160 ಎಂದರೆ ವರ್ಷದ ಒಟ್ಟು ಖರ್ಚು 1920. ಭಾಗಿಸಿದರೆ ದಿನಕ್ಕೆ 16. ತೆರಿಗೆ, ಮೀಸಲು, ಲಾಭ ಇನ್ನೂ ಸೇರಿಲ್ಲ. 6 ಎಂದುಕೊಂಡವರು ಕಡಿಮೆ ದರಕ್ಕೆ ಬೇಗ ಗ್ರಾಹಕರನ್ನು ಪಡೆಯುತ್ತಾರೆ, ಹಗಲು ರಾತ್ರಿ ದುಡಿಯುತ್ತಾರೆ, ವರ್ಷದ ಕೊನೆಗೆ ಉಳಿತಾಯ ಏಕೆ ಕರಗಿತು ಎಂದು ತಿಳಿಯದೆ ಕೂರುತ್ತಾರೆ. ಸರಕು ಮಾರುವವರಿಗೂ ತತ್ವ ಒಂದೇ: ತಯಾರಿಕೆಯ ವೆಚ್ಚಕ್ಕೆ ಸಾಗಣೆ, ಹಿಂದಿರುಗಿ ಬಂದ ಸರಕು, ಮಾರಾಟದ ದಲ್ಲಾಳಿ, ನಿಮ್ಮ ಸಮಯ ಎಲ್ಲ ಸೇರಿದ ಮೇಲೆ ಒಂದೊಂದರಲ್ಲಿ ಏನು ಉಳಿಯುತ್ತದೆ ಎಂದು ನೋಡಬೇಕು.

ದರದಷ್ಟೇ ಮುಖ್ಯವಾದದ್ದು ಹಣ ಬರುವ ಕ್ರಮ. ಹೆಜ್ಜೆ 3ರ ಉದಾಹರಣೆಯ ಕೆಲಸದ ಬೆಲೆ 400 ಎಂದಿಟ್ಟುಕೊಂಡು, ಶೇ 40 ಮುಂಗಡ ಕೇಳಿ. ಕೆಲಸ ಒಪ್ಪಿದ ದಿನವೇ 160 ಬರುತ್ತದೆ. ಒಂದು ತಿಂಗಳು ಉಸಿರಾಡಲು ಜಾಗ ಸಿಕ್ಕಿತು. ಉಳಿದದ್ದನ್ನು ಹಂತ ಹಂತವಾಗಿ ಬಿಲ್ ಮಾಡಿ. ಮುಂಗಡ ಕೇಳಲು ಸಂಕೋಚವಾಗುವುದು ಸಹಜ. ಕಂಪನಿಯಲ್ಲಿ ಹಣ ಕೇಳುವ ಕೆಲಸ ಬೇರೆ ವಿಭಾಗದ್ದಾಗಿತ್ತು. ಈಗ ಆ ವಿಭಾಗ ನೀವೇ.

ಹೆಜ್ಜೆ 6: ಸಂಬಳದ ಚೀಟಿ ಇರುವಾಗಲೇ ಮುಗಿಸಬೇಕಾದವು

ಬ್ಯಾಂಕುಗಳು ಸಂಬಳದ ಚೀಟಿಯನ್ನು ನಂಬುತ್ತವೆ. ಹೊಸ ಉದ್ಯಮಿಯನ್ನು ಒಂದೆರಡು ವರ್ಷದ ಲೆಕ್ಕಪತ್ರ ನೋಡುವವರೆಗೆ ನಂಬುವುದಿಲ್ಲ. ಬೇಕಾದ ಕ್ರೆಡಿಟ್ ಕಾರ್ಡ್, ಬಾಡಿಗೆ ಮನೆಯ ಕರಾರು, ಮನೆ ಸಾಲದ ಬಡ್ಡಿ ಇಳಿಸುವ ಮಾತುಕತೆ ಈಗಲೇ ಮುಗಿಯಲಿ. ಬಡ್ಡಿ ಹೆಚ್ಚಿರುವ ವೈಯಕ್ತಿಕ ಸಾಲವನ್ನು ತೀರಿಸಿಬಿಡಿ. ಕಂಪನಿಯ ಆರೋಗ್ಯ ವಿಮೆ ಕೆಲಸದೊಂದಿಗೇ ಮುಗಿಯುವ ಕಡೆಗಳಲ್ಲಿ ಸ್ವಂತ ವಿಮೆಯನ್ನು ಮೊದಲೇ ಮಾಡಿಸಿ, ಏಕೆಂದರೆ ಹೊಸ ವಿಮೆಗಳಲ್ಲಿ ಕೆಲವು ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ.

ಬೋನಸ್ ಮತ್ತು ಷೇರು ಕೈಸೇರುವ ದಿನಾಂಕಗಳನ್ನು ನೋಡಿ. ಎರಡು ವಾರ ಕಾದರೆ ಬರುವ ಹಣವನ್ನು ಹಠಕ್ಕೆ ಬಿಟ್ಟುಬರಬೇಡಿ. ಷೇರು ಕೊಳ್ಳುವ ಹಕ್ಕು ಸಿಕ್ಕಿದ್ದರೆ, ಕೆಲಸ ಬಿಟ್ಟ ನಂತರ ಎಷ್ಟು ದಿನದೊಳಗೆ ಅದನ್ನು ಬಳಸಬೇಕು ಎಂಬುದನ್ನು ಓದಿಕೊಳ್ಳಿ. ಬಹಳ ಕಂಪನಿಗಳಲ್ಲಿ ಅದು 90 ದಿನ ಮಾತ್ರ.

ಹೆಜ್ಜೆ 7: ಪಾಲುದಾರರು ಮತ್ತು ನೋಂದಣಿ

ಒಬ್ಬರೇ ಸೇವೆ ಒದಗಿಸುವವರಿಗೆ ಏಕವ್ಯಕ್ತಿ ಮಾಲೀಕತ್ವ ಸಾಕು. ನಷ್ಟವಾದರೆ ಸ್ವಂತ ಆಸ್ತಿಗೆ ಕೈ ಬೀಳಬಹುದಾದ ವ್ಯವಹಾರವಾದರೆ ಸೀಮಿತ ಹೊಣೆಗಾರಿಕೆಯ ರೂಪ ಬೇಕು. ಇದನ್ನು ಲೆಕ್ಕಪರಿಶೋಧಕರೊಂದಿಗೆ ಅರ್ಧ ದಿನದಲ್ಲಿ ತೀರ್ಮಾನಿಸಬಹುದು. ಹೆಸರು, ಲಾಂಛನ, ವಿಸಿಟಿಂಗ್ ಕಾರ್ಡುಗಳ ಮೇಲೆ ವಾರಗಟ್ಟಲೆ ಕೂರಬೇಡಿ.

ಪಾಲುದಾರರ ವಿಷಯ ಹಾಗಲ್ಲ. ಇಬ್ಬರು ಸಹೋದ್ಯೋಗಿಗಳು ಅರ್ಧರ್ಧ ಎಂದು ಕೈ ಕುಲುಕಿ ಆರಂಭಿಸುತ್ತಾರೆ; ಎಂಟು ತಿಂಗಳ ನಂತರ ಒಬ್ಬರಿಗೆ ಒಳ್ಳೆಯ ಕೆಲಸ ಸಿಕ್ಕಿ ಹೋಗುತ್ತಾರೆ; ಅರ್ಧ ಉದ್ಯಮ ಅವರ ಹೆಸರಿನಲ್ಲೇ ಉಳಿಯುತ್ತದೆ. ಇದನ್ನು ತಪ್ಪಿಸಲು ರೂಢಿಯಲ್ಲಿರುವ ದಾರಿ, ಷೇರುಗಳು ನಾಲ್ಕು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೈಸೇರುವಂತೆ ಬರೆದುಕೊಳ್ಳುವುದು, ಮೊದಲ ವರ್ಷ ತುಂಬುವ ಮುನ್ನ ಹೋದವರಿಗೆ ಏನೂ ಇಲ್ಲ. ಯಾರು ಎಷ್ಟು ಹಣ ಹಾಕುತ್ತಾರೆ, ಯಾರು ಯಾವಾಗ ಕೆಲಸ ಬಿಡುತ್ತಾರೆ, ಮತಭೇದ ಬಂದರೆ ಯಾರ ಮಾತು ಕೊನೆಯದು, ಇವೂ ಆ ಕಾಗದದಲ್ಲಿ ಇರಲಿ. ಆಪಲ್ ಕಂಪನಿಗೆ ಹಣ ಹಾಕಲು ಬಂದ ಮೈಕ್ ಮಾರ್ಕುಲಾ, ವಾಜ್ನಿಯಾಕ್ ತಮ್ಮ ಕೆಲಸ ಬಿಡಲೇಬೇಕೆಂದು ಪಟ್ಟು ಹಿಡಿದಿದ್ದರು. ಒಬ್ಬರ ಕಾಲು ಎರಡು ದೋಣಿಯಲ್ಲಿ ಇದ್ದಾಗ ಇನ್ನೊಬ್ಬರಿಗೆ ನಿದ್ದೆ ಬರುವುದಿಲ್ಲ.

ಹೆಜ್ಜೆ 8: ರಾಜೀನಾಮೆ

ಈಗ ಕೈಯಲ್ಲಿ ಎರಡು ಪುರಾವೆಗಳಿರಬೇಕು: ಹಣ ಕೊಟ್ಟ ಅಥವಾ ಕೊಡುವುದಾಗಿ ಬರೆದುಕೊಟ್ಟ ಅಪರಿಚಿತ ಗ್ರಾಹಕರು, ಮತ್ತು ಖಾತೆಯಲ್ಲಿ ವರ್ಷದ ಖರ್ಚು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕಾಯಿರಿ.

ಎರಡೂ ಇದ್ದರೆ ನಿಮ್ಮ ಮೇಲಧಿಕಾರಿಗೆ ಮೊದಲು ಎದುರಿಗೆ ಹೇಳಿ, ಆಮೇಲೆ ಪತ್ರ ಕೊಡಿ. ಪತ್ರದಲ್ಲಿ ದಿನಾಂಕ, ಕೊನೆಯ ದಿನ, ಒಂದು ಸಾಲಿನ ಕೃತಜ್ಞತೆ ಸಾಕು. ವರ್ಷಗಳ ಅಸಮಾಧಾನವನ್ನು ಅಲ್ಲಿ ಬರೆಯಬೇಡಿ. ನೋಟಿಸ್ ಅವಧಿಯಲ್ಲಿ ಮೊದಲಿಗಿಂತ ಹೆಚ್ಚು ಚೆನ್ನಾಗಿ ದುಡಿಯಿರಿ. ಪ್ರತಿ ಕೆಲಸ ಯಾವ ಹಂತದಲ್ಲಿದೆ, ಯಾರನ್ನು ಕೇಳಬೇಕು ಎಂಬ ಟಿಪ್ಪಣಿ ಬರೆದು ಒಪ್ಪಿಸಿ. ಹಳೆಯ ಕಂಪನಿಯೇ ಮೊದಲ ದೊಡ್ಡ ಗ್ರಾಹಕನಾಗುವುದು ಅಪರೂಪವಲ್ಲ, ಮತ್ತು ಹೊಸ ಗ್ರಾಹಕರು ನಿಮ್ಮ ಬಗ್ಗೆ ವಿಚಾರಿಸುವುದೂ ಅಲ್ಲಿಯೇ. ಅನುಭವ ಪತ್ರ, ತೆರಿಗೆ ದಾಖಲೆ, ಅಂತಿಮ ಲೆಕ್ಕ ಚುಕ್ತಾ ಆದ ಕಾಗದ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ.

ಹೆಜ್ಜೆ 9: ಮೊದಲ ತಿಂಗಳುಗಳು

ಮೊದಲ ಸೋಮವಾರ ವಿಚಿತ್ರವಾಗಿರುತ್ತದೆ. ಸಭೆಯಿಲ್ಲ, ಕೇಳುವವರಿಲ್ಲ, ಇ-ಮೇಲ್ ಪೆಟ್ಟಿಗೆ ಖಾಲಿ. ಈ ಖಾಲಿತನ ತುಂಬಲು ಜನ ಜಾಲತಾಣದ ಬಣ್ಣ ತಿದ್ದುತ್ತಾ ಕೂರುತ್ತಾರೆ, ಏಕೆಂದರೆ ಅದರಲ್ಲಿ ಯಾರೂ ‘ಬೇಡ’ ಎನ್ನುವುದಿಲ್ಲ. ದಿನದ ಮೊದಲ ಮೂರು ಗಂಟೆಗಳನ್ನು ಗ್ರಾಹಕರಿಗೆ ಮೀಸಲಿಡಿ: ಹೊಸಬರಿಗೆ ಫೋನ್, ಹಳಬರ ಬಾಕಿ, ಕಳುಹಿಸಿದ ದರಪಟ್ಟಿಯ ವಿಚಾರಣೆ. ಉಳಿದ ಕೆಲಸಗಳೆಲ್ಲ ಮಧ್ಯಾಹ್ನಕ್ಕೆ.

ಉದ್ಯಮದ ಖಾತೆ ಬೇರೆ, ಮನೆಯ ಖಾತೆ ಬೇರೆ. ಉದ್ಯಮದಿಂದ ಮನೆಗೆ ತಿಂಗಳಿಗೊಮ್ಮೆ ನಿಗದಿತ ಮೊತ್ತ ಹೋಗಲಿ. ಬಂದ ಪ್ರತಿ ಹಣದಿಂದ ತೆರಿಗೆಯ ಪಾಲನ್ನು ಆ ದಿನವೇ ಮೂರನೆಯ ಖಾತೆಗೆ ಎತ್ತಿಡಿ, ಅದು ನಿಮ್ಮದಲ್ಲ. ಪ್ರತಿ ಶುಕ್ರವಾರ ಒಂದು ಹಾಳೆಯಲ್ಲಿ ಮುಂದಿನ 13 ವಾರಗಳಲ್ಲಿ ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಬರೆಯಿರಿ. ಎಂಟು ವಾರ ಮುಂದಿನ ಕೊರತೆ ಇಂದೇ ಕಂಡರೆ ಬಾಕಿ ವಸೂಲಿಗೆ, ಖರ್ಚು ಮುಂದೂಡಲು ಸಮಯವಿರುತ್ತದೆ.

ಒಬ್ಬನೇ ಗ್ರಾಹಕನಿಂದ ಅರ್ಧಕ್ಕಿಂತ ಹೆಚ್ಚು ಆದಾಯ ಬರುತ್ತಿದ್ದರೆ ಅದನ್ನು ಯಶಸ್ಸೆಂದು ಎಣಿಸಬೇಡಿ. ಅದು ನೋಟಿಸ್ ಅವಧಿಯಿಲ್ಲದ ನೌಕರಿ.

ಹೆಜ್ಜೆ 10: ನಿಲ್ಲಿಸಬೇಕಾಗಿ ಬಂದರೆ

ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಇಲಾಖೆಯ ಲೆಕ್ಕದಂತೆ ಅಲ್ಲಿ ಹೊಸ ಉದ್ಯಮಗಳಲ್ಲಿ ಐದರಲ್ಲೊಂದು ಮೊದಲ ವರ್ಷದಲ್ಲೇ ಮುಚ್ಚುತ್ತದೆ, ಐದು ವರ್ಷದೊಳಗೆ ಸುಮಾರು ಅರ್ಧ. ಆದ್ದರಿಂದ ಹೊರಬರುವ ದಾರಿಯೂ ಸಿದ್ಧತೆಯ ಭಾಗವೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮನೆಯವರೊಂದಿಗೆ ಬರೆದಿಟ್ಟ ಅಂಕಿಯನ್ನು ಉಳಿತಾಯ ಮುಟ್ಟಿದ ದಿನ, ‘ಇನ್ನೊಂದೇ ತಿಂಗಳು’ ಎನ್ನದೆ ಕೆಲಸ ಹುಡುಕಲು ತೊಡಗಿ. ಹೊಸ ಕೆಲಸ ಸಿಗಲು ಮೂರು ನಾಲ್ಕು ತಿಂಗಳು ಬೇಕು, ಆದ್ದರಿಂದ ಆ ಅಂಕಿ ಸೊನ್ನೆಯಾಗಿರದೆ ಅಷ್ಟು ತಿಂಗಳ ಖರ್ಚಾಗಿರಬೇಕು. ಒಪ್ಪಿಕೊಂಡ ಕೆಲಸಗಳನ್ನು ಮುಗಿಸಿ ಕೊಡಿ. ಸರಕು ಕೊಟ್ಟವರ ಮತ್ತು ನೌಕರರ ಬಾಕಿಯನ್ನು ಮೊದಲು ತೀರಿಸಿ, ಮುಂಗಡ ಪಡೆದು ಮಾಡಲಾಗದ್ದನ್ನು ಹಿಂದಿರುಗಿಸಿ. ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ, ಏನು ಮಾಡಿದೆ, ಎಷ್ಟು ಗ್ರಾಹಕರಿದ್ದರು, ಏಕೆ ನಿಲ್ಲಿಸುತ್ತಿದ್ದೇನೆ ಎಂದು ನೇರವಾಗಿ ಹೇಳಿ. ಬೆಲೆ ಕಟ್ಟುವುದು, ಮಾರುವುದು, ವಸೂಲಿ ಮಾಡುವುದು ಮೂರನ್ನೂ ಸ್ವತಃ ಮಾಡಿ ನೋಡಿದವರು ಕಂಪನಿಗಳಲ್ಲಿ ಕಡಿಮೆ. ಸಂದರ್ಶನದಲ್ಲಿ ಉದ್ಯಮ ನಡೆಸಿದ ಆ ತಿಂಗಳುಗಳನ್ನು ಮುಚ್ಚಿಡದೆ, ಅಂಕಿ ಸಮೇತ ಮುಂದಿಡಿ.